ಬಾಗಿಲಿಗೆ ಬಂದ ಆರೋಗ್ಯ ಸೇವೆ ಮರಳಿ ಹೋಗದಿರಲಿ

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಬಹುತೇಕ ಸರಕಾರಿ ಕಚೇರಿಗಳ ಬಾಗಿಲುಗಳೂ ಮುಚ್ಚಿದವು. ಆದರೆ ಜನರ ಅಗತ್ಯಗಳು ನಿಲ್ಲಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಬೇಕಿತ್ತು, ಗರ್ಭಿಣಿಯರಿಗೆ ತಪಾಸಣೆ ಬೇಕಿತ್ತು, ಹಸುಗೂಸುಗಳಿಗೆ ಚುಚ್ಚುಮದ್ದು ಬೇಕಿತ್ತು, ತೀರಿಕೊಂಡವರಿಗೆ ಗೌರವದ ವಿದಾಯ ಬೇಕಿತ್ತು. ಜನ ಕಚೇರಿಗೆ ಬರುವಂತಿಲ್ಲ ಎಂದಾದ ಮೇಲೆ ಕಚೇರಿಯೇ ಜನರ ಬಳಿಗೆ ಹೋಗಬೇಕಾಯಿತು. ಅದಕ್ಕೆ ಎರಡು ದಾರಿಗಳಿದ್ದವು. ಒಂದು ಮೊಬೈಲ್ ಫೋನು. ಇನ್ನೊಂದು ಆಶಾ ಕಾರ್ಯಕರ್ತೆಯ ಕಾಲ್ನಡಿಗೆ.

ಈ ಎರಡು ದಾರಿಗಳಲ್ಲಿ ಯಾವುದು ನಮ್ಮ ಮೊಹಲ್ಲಾಗಳನ್ನು ನಿಜವಾಗಿ ತಲುಪಿತು? ಸಾಂಕ್ರಾಮಿಕ ಮುಗಿದ ಮೇಲೆ ಯಾವುದು ಉಳಿಯಿತು, ಯಾವುದು ಸೊರಗಿತು? ಎರಡೂವರೆ ವರ್ಷ ರೋಗಿಗಳ ನಡುವೆ ಇದ್ದು ಇದನ್ನು ನೋಡಿದ ಒಬ್ಬ ಯೂನಾನಿ ವೈದ್ಯನಾಗಿ ನನ್ನ ಅಭಿಪ್ರಾಯ ಇಷ್ಟು: ಫೋನು ಉಳಿಯಿತು, ಬಾಗಿಲಿಗೆ ಬರುವ ಸೇವೆ ಬಹಳ ಕಡೆ ಹಿಂದೆ ಸರಿಯಿತು. ನಮ್ಮಂಥ ಕುಟುಂಬಗಳಿಗೆ ಹೆಚ್ಚು ಬೇಕಾಗಿದ್ದುದು ಎರಡನೆಯದು. ಅದನ್ನು ಉಳಿಸಿಕೊಳ್ಳುವ ಜವಾಬ್ದಾರಿ ಸರಕಾರದ್ದು ಎಷ್ಟೋ ನಮ್ಮದೂ ಅಷ್ಟೇ.

ಫೋನಿನಲ್ಲಿ ವೈದ್ಯರು

ಮೊದಲು ಒಳ್ಳೆಯದನ್ನು ಹೇಳೋಣ. ಲಾಕ್‌ಡೌನ್ ಆರಂಭವಾದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಕೇಂದ್ರ ಆರೋಗ್ಯ ಸಚಿವಾಲಯ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿತು. ಅಲ್ಲಿಯವರೆಗೆ ಫೋನಿನಲ್ಲಿ ರೋಗಿಯ ಮಾತು ಕೇಳಿ ಔಷಧಿ ಬರೆಯುವುದು ಕಾನೂನಿನ ದೃಷ್ಟಿಯಲ್ಲಿ ಸರಿಯೋ ತಪ್ಪೋ ಎಂಬ ಗೊಂದಲ ವೈದ್ಯರಲ್ಲಿತ್ತು. ಮಾರ್ಗಸೂಚಿ ಬಂದ ಮೇಲೆ ಆ ಅಳುಕು ಕಡಿಮೆಯಾಯಿತು. ಯೂನಾನಿ, ಆಯುರ್ವೇದ ಮತ್ತು ಸಿದ್ಧ ವೈದ್ಯರಿಗೂ ಇಂಥದೇ ಪ್ರತ್ಯೇಕ ಮಾರ್ಗಸೂಚಿ ಅದೇ ಏಪ್ರಿಲ್‌ನಲ್ಲಿ ಬಂತು. ಏಪ್ರಿಲ್‌ನಲ್ಲೇ ಇ-ಸಂಜೀವಿನಿ ಒಪಿಡಿ ಆರಂಭವಾಗಿ, ಮನೆಯಲ್ಲೇ ಕುಳಿತು ಸರಕಾರಿ ವೈದ್ಯರನ್ನು ಉಚಿತವಾಗಿ ಕಾಣುವ ವ್ಯವಸ್ಥೆ ಬಂತು. ನಮ್ಮ ರಾಜ್ಯದಲ್ಲಿ 104 ಆರೋಗ್ಯ ಸಹಾಯವಾಣಿಯ ಜೊತೆಗೆ ಆಪ್ತಮಿತ್ರ ಸಹಾಯವಾಣಿ 14410 ಸೇರಿಕೊಂಡಿತು. ವರ್ಷಗಟ್ಟಲೆ ಕಡತದಲ್ಲಿ ಕೂರುವಂಥ ನಿರ್ಧಾರಗಳು ಕೆಲವೇ ವಾರಗಳಲ್ಲಿ ಜಾರಿಯಾದವು.

ಯೂನಾನಿ ವೈದ್ಯರಿಗೆ ಫೋನಿನ ವೈದ್ಯಕೀಯ ಅರ್ಧ ವೈದ್ಯಕೀಯ. ನಬ್ಝ್ ಹಿಡಿದು ನೋಡದೆ, ನಾಲಿಗೆಯ ಬಣ್ಣ ಕಾಣದೆ, ರೋಗಿಯ ಮಿಝಾಜ್ ಏನೆಂದು ಗ್ರಹಿಸುವುದು ಕಷ್ಟ. ಆದರೂ ಹಳೆಯ ರೋಗಿಗಳ ವಿಷಯದಲ್ಲಿ ಅದು ದೊಡ್ಡ ಆಸರೆಯಾಯಿತು. ದವಾಖಾನೆಗೆ ಬರಲು ಸಂಕೋಚ ಪಡುತ್ತಿದ್ದ ಹೆಣ್ಣುಮಕ್ಕಳು ತಮ್ಮ ತೊಂದರೆಗಳನ್ನು ಫೋನಿನಲ್ಲಿ ಬಿಚ್ಚಿ ಹೇಳಿದರು. ಮುಖ ಕಾಣದಿದ್ದುದೇ ಅವರಿಗೆ ಧೈರ್ಯ ತಂದಿತ್ತು.

ಆದರೆ ಇದೇ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ನಮ್ಮ ಎಷ್ಟೋ ಮನೆಗಳಲ್ಲಿ ಫೋನು ಇರುವುದು ಒಂದೇ. ಅದು ಗಂಡನ ಅಥವಾ ಮಗನ ಜೇಬಿನಲ್ಲಿರುತ್ತದೆ. ಗಂಡ ಕೆಲಸಕ್ಕೆ ಹೋದ ಮೇಲೆ ಆ ಮನೆಗೆ ಸರಕಾರದ ಯಾವ ಸಂದೇಶವೂ ತಲುಪುವುದಿಲ್ಲ. ಒಟಿಪಿ ಬಂದರೂ ಅದು ಗ್ಯಾರೇಜಿನಲ್ಲಿ, ಮಾರುಕಟ್ಟೆಯಲ್ಲಿ, ಆಟೊ ನಿಲ್ದಾಣದಲ್ಲಿ ಬರುತ್ತದೆ. ಬಟನ್ ಫೋನಿದ್ದವರ ಪಾಡು ಬೇರೆಯೇ. ಆರೋಗ್ಯ ಸೇತು ಆ್ಯಪ್ 2020ರ ಏಪ್ರಿಲ್ 2ರಂದು ಬಂದಾಗ ಅದು ಸ್ಮಾರ್ಟ್‌ಫೋನು ಇದ್ದವರಿಗೆ ಮಾತ್ರ. ಬಟನ್ ಫೋನಿನವರಿಗಾಗಿ 1921ಕ್ಕೆ ಮಿಸ್ಡ್ ಕಾಲ್ ಕೊಡುವ ಸೌಲಭ್ಯ ಬಂದದ್ದು ಮೇ ತಿಂಗಳಲ್ಲಿ. ತಡವಾದರೂ ತಿದ್ದಿಕೊಂಡರು, ಅದನ್ನು ಒಪ್ಪಬೇಕು. ಆದರೆ ಸ್ಮಾರ್ಟ್‌ಫೋನು ಇಲ್ಲದವರ ನೆನಪು ಆಮೇಲೆ ಬಂತು ಎಂಬುದನ್ನೂ ಗಮನಿಸಬೇಕು.

ಲಸಿಕೆಯ ಸಾಲು, ಒಟಿಪಿಯ ಗೋಳು

ಈ ತೊಡಕು ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಲಸಿಕೆಯಲ್ಲಿ. 2021ರ ಜನವರಿ 16ರಂದು ಲಸಿಕಾ ಅಭಿಯಾನ ಶುರುವಾಯಿತು. ಮೇ 1ರಿಂದ 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಅವಕಾಶವಾಯಿತು. ಆದರೆ 18ರಿಂದ 44ರ ವಯಸ್ಸಿನವರು ಕೋವಿನ್ ತಾಣದಲ್ಲಿ ಹೆಸರು ನೋಂದಾಯಿಸಿ, ಸ್ಲಾಟ್ ಹಿಡಿದೇ ಬರಬೇಕಿತ್ತು. ಒಂದು ಮೊಬೈಲ್ ಸಂಖ್ಯೆಗೆ ನಾಲ್ಕೇ ಹೆಸರು. ಒಂಬತ್ತು ಜನರ ಕೂಡುಕುಟುಂಬದಲ್ಲಿ ಒಂದೇ ಫೋನಿದ್ದರೆ ಉಳಿದ ಐವರು ಏನು ಮಾಡಬೇಕು? ತಾಣ ಆರಂಭದಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡವೂ ಸೇರಿ ಇತರ ಭಾರತೀಯ ಭಾಷೆಗಳು ಬಂದದ್ದು ಜೂನ್ ತಿಂಗಳಲ್ಲಿ. ಸ್ಲಾಟ್‌ಗಳು ತೆರೆದ ಕ್ಷಣಗಳಲ್ಲೇ ಖಾಲಿಯಾಗುತ್ತಿದ್ದವು. ಬೆರಳು ಚುರುಕಾಗಿದ್ದವರಿಗೆ ಲಸಿಕೆ ಸಿಗುತ್ತಿತ್ತು. ಬೀಡಿ ಕಟ್ಟುವ ತಾಯಿಗೆ, ಗುಜರಿ ಗಾಡಿ ತಳ್ಳುವ ಚಾಚಾರಿಗೆ ಸಿಗುತ್ತಿರಲಿಲ್ಲ.

ಈ ಡಿಜಿಟಲ್ ಕಂದಕದ ಬಗ್ಗೆ 2021ರ ಮೇ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸರಕಾರವನ್ನು ಪ್ರಶ್ನಿಸಿತು. ಅಷ್ಟರಲ್ಲಿ ನಿಯಮ ಸಡಿಲವಾಗತೊಡಗಿತ್ತು. ಮೇ 24ರಿಂದ ಸರಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಟ್ಟರು. ಜೂನ್ 21ರಿಂದ ಹೊಸ ನೀತಿ ಜಾರಿಯಾಗಿ, ಸರಕಾರಿ ಕೇಂದ್ರಗಳಲ್ಲಿ ವಯಸ್ಕರಿಗೆಲ್ಲ ಉಚಿತ ಲಸಿಕೆ, ನೇರವಾಗಿ ನಡೆದು ಹೋದರೂ ಸಿಗುವ ವ್ಯವಸ್ಥೆ ಬಂತು. ಅಕ್ಟೋಬರ್ 21ಕ್ಕೆ ದೇಶದಲ್ಲಿ ನೂರು ಕೋಟಿ ಡೋಸ್ ಪೂರ್ಣವಾಯಿತು. ಆದರೂ ಅರ್ಧದಷ್ಟು ಜನಕ್ಕೂ ಮೊದಲ ಡೋಸ್ ಮುಟ್ಟದ ಜಿಲ್ಲೆಗಳು ಉಳಿದಿದ್ದವು. ಆಗ, 2021ರ ನವೆಂಬರ್‌ನಲ್ಲಿ, 'ಹರ್ ಘರ್ ದಸ್ತಕ್' ಎಂಬ ಮನೆಮನೆ ಅಭಿಯಾನ ಶುರುವಾಯಿತು. ದಸ್ತಕ್ ಎಂದರೆ ಬಾಗಿಲು ತಟ್ಟುವುದು.

ಈ ಕ್ರಮವನ್ನು ಸ್ವಲ್ಪ ಯೋಚಿಸಿ ನೋಡಿ. ಮೊದಲು ಫೋನು, ಆಮೇಲೆ ಕೇಂದ್ರದಲ್ಲಿ ನೋಂದಣಿ, ಕೊನೆಗೆ ಬಾಗಿಲು. ಎಲ್ಲಕ್ಕಿಂತ ದುರ್ಬಲರಾದವರ ಸರದಿ ಎಲ್ಲಕ್ಕಿಂತ ಕೊನೆಗೆ ಬಂತು. ಎರಡನೇ ಅಲೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ನಾವು ಎಷ್ಟು ಜನಾಝಾಗಳನ್ನು ಹೊತ್ತೆವು ಎಂಬುದನ್ನು ನೆನೆದರೆ ಈ ವಿಳಂಬದ ಬೆಲೆ ಏನೆಂದು ಅರ್ಥವಾಗುತ್ತದೆ. ಆಗ ಲಸಿಕೆಯ ದಾಸ್ತಾನೇ ಕಡಿಮೆ ಇತ್ತು ಎಂಬುದು ನಿಜ. ಆದರೆ ಇದ್ದ ಅಷ್ಟನ್ನು ಯಾರಿಗೆ ಮೊದಲು ಕೊಡಬೇಕು ಎಂಬುದನ್ನು ಅಪಾಯ ನಿರ್ಧರಿಸಬೇಕಿತ್ತು, ಇಂಟರ್‌ನೆಟ್ಟಿನ ವೇಗ ನಿರ್ಧರಿಸಬಾರದಿತ್ತು.

ಬಾಗಿಲು ತಟ್ಟಿದ ಅಕ್ಕ

ಈಗ ಎರಡನೇ ದಾರಿಗೆ ಬರೋಣ. ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಗರ್ಭಿಣಿಯರನ್ನು, ಬಾಣಂತಿಯರನ್ನು, ಮಕ್ಕಳನ್ನು ನೋಡಿಕೊಳ್ಳುವುದು ಅವರ ಮೂಲ ಕೆಲಸ. ಕೋವಿಡ್ ಬಂದಾಗ ಇಲಾಖೆ ಈ ಕೆಲಸವನ್ನೇ ಹಿಗ್ಗಿಸಿತು. ಮನೆಮನೆ ಸಮೀಕ್ಷೆ, ಜ್ವರ ಕೆಮ್ಮು ಇದ್ದವರ ಪಟ್ಟಿ, ಹೊರಗಿನಿಂದ ಬಂದವರ ವಿವರ, ಕ್ವಾರಂಟೈನ್‌ನಲ್ಲಿ ಇದ್ದವರ ವಿಚಾರಣೆ, ಎಲ್ಲವೂ ಅವರ ಹೆಗಲಿಗೆ ಬಂತು. 2020ರ ಏಪ್ರಿಲ್ ಮಧ್ಯದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇನ್ನೊಂದು ಸೂಚನೆ ಕೊಟ್ಟಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ದೀರ್ಘಕಾಲದ ರೋಗಿಗಳಿಗೆ ಮೂರು ತಿಂಗಳವರೆಗಿನ ಮಾತ್ರೆಗಳನ್ನು ಒಟ್ಟಿಗೆ ಕೊಡಿ, ಸಾಧ್ಯವಾದಲ್ಲಿ ಮನೆಗೇ ಮುಟ್ಟಿಸಿ ಎಂದು.

ವೈದ್ಯನಾಗಿ ನನಗೆ ಇದು ಆ ಇಡೀ ಅವಧಿಯ ಅತ್ಯಂತ ಒಳ್ಳೆಯ ನಿರ್ಧಾರಗಳಲ್ಲಿ ಒಂದು ಎನಿಸುತ್ತದೆ. ಬಿಪಿಯ ಮಾತ್ರೆ ತಪ್ಪಿದರೆ ನೋವಾಗುವುದಿಲ್ಲ, ಜ್ವರ ಬರುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಲಕ್ವ ಹೊಡೆಯುತ್ತದೆ. ದಿನಗೂಲಿ ಮಾಡುವವರು ಮಾತ್ರೆ ಬಿಡುವುದಕ್ಕೆ ಕಾರಣ ಅಸಡ್ಡೆ ಅಷ್ಟೇ ಅಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಗುತ್ತದೆ. ಮಾತ್ರೆ ಮನೆಗೆ ಬಂದರೆ ಕೂಲಿಯೂ ಉಳಿಯುತ್ತದೆ, ಮೆದುಳೂ ಉಳಿಯುತ್ತದೆ.

ಆದರೆ ಬಾಗಿಲು ತಟ್ಟಿದ ಎಲ್ಲ ಕಡೆ ಬಾಗಿಲು ತೆರೆಯಲಿಲ್ಲ. ಇದನ್ನು ನಾವು ಮುಚ್ಚಿಡಬಾರದು. 2020ರ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಅದೇ ತಿಂಗಳ 19ರಂದು ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ಎದುರು ಗಲಾಟೆ ನಡೆದು ಬ್ಯಾರಿಕೇಡ್‌ಗಳು ಮುರಿದವು. ಇವು ತಪ್ಪು, ಯಾವ ಸಬೂಬೂ ಇದನ್ನು ಸರಿ ಮಾಡಲಾರದು. ತನ್ನ ಮಕ್ಕಳನ್ನು ಮನೆಯಲ್ಲಿ ಬಿಟ್ಟು ನಮ್ಮ ಮಕ್ಕಳ ಜ್ವರ ಕೇಳಲು ಬಂದ ಹೆಣ್ಣುಮಗಳ ಮೇಲೆ ಕೈ ಮಾಡುವುದು ನಮ್ಮ ದೀನ್ ಕಲಿಸಿದ ನಡತೆಯಲ್ಲ.

ಅದರ ಜೊತೆಗೆ ಆ ಭಯದ ಮೂಲವನ್ನೂ ಹೇಳಬೇಕು. ಆಗಷ್ಟೇ ಸಿಎಎ, ಎನ್‌ಆರ್‌ಸಿ ವಿವಾದದ ತಿಂಗಳುಗಳು ಕಳೆದಿದ್ದವು. ಕೈಯಲ್ಲಿ ಕಾಗದ ಹಿಡಿದು ಮನೆಯವರ ಹೆಸರು ಕೇಳುವ ಯಾರನ್ನು ಕಂಡರೂ ಜನ ಬೆಚ್ಚುತ್ತಿದ್ದರು. ಅದರ ಮೇಲೆ ದಿಲ್ಲಿಯ ನಿಝಾಮುದ್ದೀನ್‌ನ ತಬ್ಲೀಗಿ ಸಮಾವೇಶದ ಸೋಂಕಿನ ಲೆಕ್ಕವನ್ನು ಸರಕಾರಿ ಪತ್ರಿಕಾಗೋಷ್ಠಿಗಳಲ್ಲಿ ಬೇರೆಯಾಗಿ ಹೇಳತೊಡಗಿದರು. ಕೆಲವು ಟಿವಿ ವಾಹಿನಿಗಳು ವೈರಸ್ಸಿಗೆ ಧರ್ಮವನ್ನು ಅಂಟಿಸಿದವು. ತರಕಾರಿ ಮಾರುವ ಹುಡುಗನ ಹೆಸರು ಕೇಳಿ ಹಿಂದೆ ಕಳಿಸಿದ ಉದಾಹರಣೆಗಳು ನಮಗೆಲ್ಲ ಗೊತ್ತು. ರೋಗಿಯನ್ನು ಅಪರಾಧಿಯಂತೆ ತೋರಿಸಿದರೆ ಅವನು ಪರೀಕ್ಷೆಗೆ ಬರುವುದಿಲ್ಲ, ಅಡಗುತ್ತಾನೆ. ಅಡಗಿದ ರೋಗಿಯಿಂದ ರೋಗ ಹರಡುತ್ತದೆ. ಇದು ಸಾಂಕ್ರಾಮಿಕ ವೈದ್ಯಕೀಯದ ಮೊದಲ ಪಾಠ.

ಏಪ್ರಿಲ್ 8ರಂದು ಆರೋಗ್ಯ ಸಚಿವಾಲಯವೇ ಯಾವ ಸಮುದಾಯವನ್ನೂ, ಯಾವ ಪ್ರದೇಶವನ್ನೂ ಸೋಂಕಿಗೆ ಹೊಣೆ ಮಾಡಬಾರದು ಎಂದು ಸಲಹೆ ಹೊರಡಿಸಿತು. ಆ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗಿ ಜಮಾಅತಿನ ವಿದೇಶಿ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಯಿತು ಎಂಬ ಅರ್ಥದ ಮಾತುಗಳನ್ನು ಬರೆಯಿತು. ಆದರೆ ಒಡೆದ ನಂಬಿಕೆಯನ್ನು ಸುತ್ತೋಲೆಯಿಂದ ಕೂಡಿಸಲಾಗುವುದಿಲ್ಲ. ಅದನ್ನು ಕೂಡಿಸಿದ್ದು ಕೆಳಹಂತದ ಜನರು. ಎಲ್ಲೆಲ್ಲಿ ಆರೋಗ್ಯ ಅಧಿಕಾರಿಗಳು ಮಸೀದಿ ಕಮಿಟಿಯವರನ್ನು ಕೂರಿಸಿಕೊಂಡು ಮಾತನಾಡಿದರೋ, ಎಲ್ಲೆಲ್ಲಿ ಖತೀಬರು ಮೈಕಿನಲ್ಲಿ "ಆಶಾ ಅಕ್ಕ ಬರುತ್ತಾರೆ, ಸರಿಯಾದ ಮಾಹಿತಿ ಕೊಡಿ" ಎಂದು ಹೇಳಿದರೋ, ಅಲ್ಲಿ ಬಾಗಿಲುಗಳು ತೆರೆದವು. ಇದರಿಂದ ಕಲಿಯಬೇಕಾದದ್ದು ಎರಡೂ ಕಡೆಗೆ ಇದೆ. ಇಲಾಖೆಯು ಪೊಲೀಸರನ್ನು ಮುಂದೆ ಬಿಟ್ಟು ಬರುವ ಬದಲು ಪರಿಚಿತ ಮುಖವನ್ನು ಮುಂದೆ ಬಿಟ್ಟು ಬರಬೇಕು. ನಾವು ಪರಿಚಿತ ಮುಖಕ್ಕಾದರೂ ಬಾಗಿಲು ತೆರೆಯಬೇಕು.

ಕಬರಸ್ತಾನದಲ್ಲಿ ಕಲಿತ ಪಾಠ

ಸರಕಾರಿ ನಿಯಮ ಮತ್ತು ಜನರ ಭಾವನೆ ಎದುರುಬದುರಾದ ಇನ್ನೊಂದು ಜಾಗ ಕಬರಸ್ತಾನ. ಸೋಂಕಿನಿಂದ ತೀರಿಕೊಂಡವರ ಅಂತ್ಯಸಂಸ್ಕಾರದ ಬಗ್ಗೆ 2020ರ ಮಾರ್ಚ್ 15ರಂದೇ ಕೇಂದ್ರದ ಮಾರ್ಗಸೂಚಿ ಬಂದಿತ್ತು. ಅದರಲ್ಲಿ ದಫನ್ ಮಾಡಲು ಅವಕಾಶವಿತ್ತು. ಮೈಯನ್ನು ಮುಟ್ಟದೆ ಮಾಡುವ ಪ್ರಾರ್ಥನೆಗೆ, ಕೊನೆಯ ಬಾರಿ ಮುಖ ನೋಡುವುದಕ್ಕೆ ಅವಕಾಶವಿತ್ತು. ಸ್ನಾನ ಮಾಡಿಸುವುದಕ್ಕೆ, ತಬ್ಬಿಕೊಳ್ಳುವುದಕ್ಕೆ ನಿಷೇಧವಿತ್ತು. ಗುಸ್ಲ್ ಇಲ್ಲದೆ ಹೆತ್ತವರನ್ನು ಕಳಿಸುವ ಸಂಕಟ ಅನುಭವಿಸಿದವರಿಗೇ ಗೊತ್ತು. ಇಂಥ ಅನಿವಾರ್ಯದಲ್ಲಿ ಶರೀಅತ್ ಕೊಡುವ ರಿಯಾಯಿತಿಗಳನ್ನು ಉಲಮಾಗಳು ವಿವರಿಸಿ ಹೇಳಿದ್ದರಿಂದ ಎಷ್ಟೋ ಕುಟುಂಬಗಳಿಗೆ ಸಮಾಧಾನ ಸಿಕ್ಕಿತು.

ಆದರೆ ನಿಯಮ ಒಂದಿದ್ದರೆ ನಡತೆ ಇನ್ನೊಂದಿತ್ತು. ಮುಂಬೈಯಲ್ಲಿ ಮಾರ್ಚ್ 30ರಂದು ಎಲ್ಲ ಧರ್ಮದವರ ಶವಗಳನ್ನೂ ಸುಡಬೇಕೆಂದು ಪಾಲಿಕೆ ಹೊರಡಿಸಿದ ಸುತ್ತೋಲೆಯನ್ನು ಅದೇ ದಿನ ಹಿಂದೆ ಪಡೆಯಬೇಕಾಯಿತು. ನೆರೆಯ ಶ್ರೀಲಂಕಾದಲ್ಲಿ ಇಂಥದೇ ಆದೇಶ 2020ರ ಏಪ್ರಿಲ್‌ನಿಂದ 2021ರ ಫೆಬ್ರವರಿಯವರೆಗೂ ಜಾರಿಯಲ್ಲಿತ್ತು. ಹೂಳುವುದು, ಸುಡುವುದು ಎರಡೂ ಸರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ ಅಲ್ಲಿನ ಮುಸ್ಲಿಮರು ತಮ್ಮವರನ್ನು ಬೆಂಕಿಗೆ ಒಪ್ಪಿಸಬೇಕಾಯಿತು. ನಮ್ಮ ಬಳ್ಳಾರಿಯಲ್ಲಿ 2020ರ ಜೂನ್ ಕೊನೆಯಲ್ಲಿ ಶವಗಳನ್ನು ಗುಂಡಿಗೆ ಎಸೆಯುವ ವಿಡಿಯೊ ಹೊರಬಂದಾಗ ರಾಜ್ಯವೇ ತಲೆತಗ್ಗಿಸಿತು. ಜಿಲ್ಲಾಡಳಿತ ಕ್ಷಮೆ ಕೇಳಿ ಆ ತಂಡವನ್ನು ಬದಲಾಯಿಸಿತು.

ಆಮೇಲೆ ಏನಾಯಿತು ನೋಡಿ. ರಾಜ್ಯದ ಹಲವೆಡೆ ಸ್ವಯಂಸೇವಕ ಯುವಕರು ಪಿಪಿಇ ಕಿಟ್ ತೊಟ್ಟು ಅಂತ್ಯಸಂಸ್ಕಾರದ ಹೊಣೆ ಹೊತ್ತರು. ಅವರಲ್ಲಿ ನಮ್ಮ ಹುಡುಗರ ಸಂಖ್ಯೆ ಸಣ್ಣದಲ್ಲ. ಕಬರಸ್ತಾನಕ್ಕೆ ಮಾತ್ರವಲ್ಲ, ಸ್ಮಶಾನಕ್ಕೂ ಹೆಗಲು ಕೊಟ್ಟರು. ಆಡಳಿತ ಅವರ ಜೊತೆ ಕೆಲಸ ಮಾಡಲು ಕಲಿಯಿತು. ತಿಂಗಳ ಹಿಂದೆ ಅನುಮಾನದಿಂದ ನೋಡಿದ ಹುಡುಗರಿಗೇ ಆಂಬುಲೆನ್ಸಿನ ಬಾಗಿಲು ತೆರೆಯಿತು. ಜನರನ್ನು ನಂಬಿದರೆ ಅವರು ಎಂಥ ಕೆಲಸ ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ಪದ್ಧತಿಯ ಬಗ್ಗೆ ಒಂದು ಮಾತು

ಯೂನಾನಿ ವೈದ್ಯನಾಗಿ ಆಯುಷ್ ಇಲಾಖೆಯ ಬಗ್ಗೆ ಹೇಳದೆ ಮುಂದೆ ಹೋದರೆ ಸರಿಯಾಗದು. ಬಿಹಿದಾನ, ಉನ್ನಾಬ್, ಸಪಿಸ್ತಾನ್ ಹಾಕಿ ಕುದಿಸಿದ ಜೋಶಾಂದೆಯನ್ನು ಸಚಿವಾಲಯ ಆಗ ಸೂಚಿಸಿತ್ತು. ಗಂಟಲು ಕೆರೆತಕ್ಕೆ, ಒಣ ಕೆಮ್ಮಿಗೆ ಅದು ಹಿತವೆನಿಸುತ್ತದೆ. ನಮ್ಮ ಅಜ್ಜಿಯರ ಕಾಲದಿಂದಲೂ ಅದನ್ನು ಕುಡಿದಿದ್ದೇವೆ. ಆದರೆ ಅದು ಕೊರೊನಾ ಬರದಂತೆ ತಡೆಯುತ್ತದೆ, ಬಂದದ್ದನ್ನು ಓಡಿಸುತ್ತದೆ ಎಂದು ಕೆಲವರು ಪೊಟ್ಟಣ ಕಟ್ಟಿ ಮಾರಿದರು. 2020ರ ಏಪ್ರಿಲ್ 1ರಂದು ಆಯುಷ್ ಸಚಿವಾಲಯವೇ ಇಂಥ ಜಾಹೀರಾತುಗಳನ್ನು ನಿಲ್ಲಿಸಬೇಕೆಂದು ಆದೇಶ ಹೊರಡಿಸಿತು. ಆ ಆದೇಶ ಸರಿಯಾಗಿತ್ತು. ಅದರ ಪಾಲನೆ ಇನ್ನಷ್ಟು ಬಿಗಿಯಾಗಬೇಕಿತ್ತು.

ಜೋಶಾಂದೆ ಕುಡಿಯಿರಿ, ಆದರೆ ಉಸಿರು ಕಟ್ಟಿದಾಗ ಆಮ್ಲಜನಕವೇ ಬೇಕು. ತಡೆಗಟ್ಟಲು ಲಸಿಕೆಯೇ ಬೇಕು. ಯೂನಾನಿ ಓದಿದ ಯಾರಾದರೂ ಇದಕ್ಕೆ ವಿರುದ್ಧವಾಗಿ ಹೇಳಿದರೆ ಅವರು ನಮ್ಮ ಪದ್ಧತಿಗೆ ಗೌರವ ತರುತ್ತಿಲ್ಲ.

ನಿಂತುಹೋದ ಕೆಲಸಗಳ ಲೆಕ್ಕ

ಇಲಾಖೆಗಳು ಕೋವಿಡ್‌ನತ್ತ ತಿರುಗಿದಾಗ ಹಿಂದೆ ಬಿದ್ದ ಕೆಲಸಗಳ ಲೆಕ್ಕ ಆಮೇಲೆ ಸಿಕ್ಕಿತು. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಅದು ಸುಮಾರು 18 ಲಕ್ಷಕ್ಕೆ ಇಳಿಯಿತು. ಕ್ಷಯ ಕಡಿಮೆಯಾದದ್ದಲ್ಲ, ಅದನ್ನು ಹುಡುಕುವವರು ಬೇರೆ ಕೆಲಸದಲ್ಲಿದ್ದರು, ರೋಗಿಗಳೂ ಹೊರಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ ಡಿಪಿಟಿ ಲಸಿಕೆಯ ಮೊದಲ ಡೋಸನ್ನೂ ಪಡೆಯದ ಭಾರತದ ಮಕ್ಕಳ ಸಂಖ್ಯೆ 2019ರಲ್ಲಿ ಸುಮಾರು 14 ಲಕ್ಷ ಇದ್ದದ್ದು 2020ರಲ್ಲಿ 30 ಲಕ್ಷಕ್ಕೆ ಏರಿತು.

ಇದರ ಫಲ ಬೇಗನೇ ಕಂಡಿತು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಮುಂತಾದ ಕಡೆ ದಡಾರ ಹಬ್ಬಿ ಮಕ್ಕಳು ತೀರಿಕೊಂಡರು. ಇಕ್ಕಟ್ಟಾದ ಗಲ್ಲಿಗಳ, ನಮ್ಮವರೇ ಹೆಚ್ಚಾಗಿರುವ ಬಡ ಬಡಾವಣೆಗಳವು. ಆಗಲೂ ಪಾಲಿಕೆ ಮಾಡಿದ್ದು ಮನೆಮನೆ ಸಮೀಕ್ಷೆ, ಮಾತನಾಡಿದ್ದು ಮಸೀದಿಗಳ ಇಮಾಮರೊಂದಿಗೆ. ದಡಾರಕ್ಕೆ ಯಾವ ಆ್ಯಪ್ ಕೂಡ ಉತ್ತರವಾಗಿರಲಿಲ್ಲ.

ಯಾವುದು ಉಳಿಯಬೇಕು?

ಮನೆಮನೆಗೆ ಹೋಗುವುದು ದುಬಾರಿ, ಸಿಬ್ಬಂದಿ ಸಾಲದು, ಫೋನು ಅಗ್ಗ ಎಂದು ಕೆಲವರು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. ಆದರೆ ಫೋನಿನ ವ್ಯವಸ್ಥೆಯೂ ಚೆನ್ನಾಗಿ ನಡೆದದ್ದು ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದಾಗಲೇ. ಇ-ಸಂಜೀವಿನಿ 2023ರ ಫೆಬ್ರವರಿಯಲ್ಲಿ ಹತ್ತು ಕೋಟಿ ದಾಟಿತು. ಅವುಗಳಲ್ಲಿ ಬಹುಪಾಲು ರೋಗಿ ಮನೆಯಿಂದ ತಾನೇ ಮಾಡಿದ ಕರೆಗಳಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿರುವ ಸಿಬ್ಬಂದಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರಿಗೆ ತೋರಿಸಿದವು. ಯಂತ್ರವೂ ಇತ್ತು, ಕೈ ಹಿಡಿಯುವವರೂ ಇದ್ದರು.

ತಮಿಳುನಾಡು ಈ ಪಾಠವನ್ನು ಬೇಗ ಕಲಿಯಿತು. ಎರಡನೇ ಅಲೆ ಇಳಿದ ಕೂಡಲೇ, 2021ರ ಆಗಸ್ಟ್ 5ರಂದು, 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆಯನ್ನು ಅಲ್ಲಿ ಆರಂಭಿಸಿದರು. ಜನರನ್ನು ಅರಸಿ ಬರುವ ವೈದ್ಯಕೀಯ ಎಂದು ಅದರ ಅರ್ಥ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ರೋಗಿಯ ಮನೆಗೇ ಹೋಗುತ್ತವೆ. ಸಾಂಕ್ರಾಮಿಕದ ತುರ್ತು ಏರ್ಪಾಡನ್ನು ಅವರು ಕಾಯಂ ಸೇವೆಯಾಗಿಸಿದರು. ನಮ್ಮ ರಾಜ್ಯದಲ್ಲಿ 'ಗೃಹ ಆರೋಗ್ಯ' ಯೋಜನೆ ಕೋಲಾರ ಜಿಲ್ಲೆಯಲ್ಲಿ ಆರಂಭವಾದದ್ದು 2024ರ ಅಕ್ಟೋಬರ್‌ನಲ್ಲಿ. ತಡವಾಯಿತು, ಆದರೂ ಸ್ವಾಗತಾರ್ಹ. ಅದು ಪ್ರತಿ ಗಲ್ಲಿಗೂ ಬರುವಂತೆ ಕೇಳುವುದು ನಮ್ಮ ಹಕ್ಕು.

ಇಂಥ ಯೋಜನೆಗಳು ನಿಲ್ಲುವುದು ಅದನ್ನು ಹೊತ್ತು ನಡೆಯುವವರ ಹೆಗಲ ಮೇಲೆ. 2020ರ ಜುಲೈಯಲ್ಲಿ, ಸೋಂಕು ಏರುತ್ತಿದ್ದಾಗಲೇ, ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ಸರಿಯಾದ ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಬೇಕಾಯಿತು. ಚಪ್ಪಾಳೆ ತಟ್ಟಿದೆವು, ಹೂವು ಎರಚಿದೆವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನು ಗೌರವಿಸಿತು. ಆದರೆ ಅವರಿಗೆ ಇಂದಿಗೂ ಖಾಯಂ ನೌಕರರ ಸ್ಥಾನವಿಲ್ಲ. ಬಾಗಿಲಿನ ಸೇವೆ ಉಳಿಯಬೇಕಾದರೆ ಮೊದಲು ಅವರ ಸಂಬಳ ಸರಿಯಾಗಬೇಕು. ಆಶಾಗಳ ಬೇಡಿಕೆಯನ್ನು ನಮ್ಮ ಸಂಘಟನೆಗಳು ಸಮುದಾಯದ ಬೇಡಿಕೆಯೆಂದೇ ಎತ್ತಬೇಕು.

ನಮ್ಮ ಕೈಯಲ್ಲಿರುವ ಕೆಲಸ

ಸರಕಾರಕ್ಕೆ ಹೇಳುವಷ್ಟು ಹೇಳಿದೆ. ಈಗ ಮನೆಯವರಿಗೆ, ಜಮಾಅತಿನವರಿಗೆ ನಾಲ್ಕು ಮಾತು.

ಒಂದು, ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಅವರು ಬಂದಾಗ ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕೊಡಿ. ಹೆಣ್ಣುಮಕ್ಕಳು ಅವರೊಂದಿಗೆ ಒಂಟಿಯಾಗಿ ಮಾತನಾಡಲು ಬಿಡಿ.

ಎರಡು, ಆರೋಗ್ಯದ ದಾಖಲೆಗಳಿಗೆ ಕೊಡುವ ಮೊಬೈಲ್ ಸಂಖ್ಯೆ ಹಗಲು ಮನೆಯಲ್ಲಿರುವ ಫೋನಿನದಾಗಿರಲಿ. ಸಾಧ್ಯವಾದರೆ ಮನೆಯ ಹೆಂಗಸಿನ ಹೆಸರಿನಲ್ಲೇ ಒಂದು ಸಂಖ್ಯೆ ಇರಲಿ. ಸೊಸೆಯ ಕೈಗೆ ಒಂದು ಫೋನು ಕೊಡುವುದರಲ್ಲಿ ಮಾನ ಹೋಗುವುದಿಲ್ಲ, ಸಮಯಕ್ಕೆ ಮಾಹಿತಿ ಬಾರದಿದ್ದರೆ ಜೀವ ಹೋಗಬಹುದು.

ಮೂರು, ಮಗುವಿನ ತಾಯಿ ಕಾರ್ಡನ್ನು ತೆಗೆದು ನೋಡಿ. ಯಾವುದಾದರೂ ಚುಚ್ಚುಮದ್ದು ತಪ್ಪಿದ್ದರೆ ತಡವಾಯಿತೆಂದು ಸುಮ್ಮನಾಗಬೇಡಿ. ತಪ್ಪಿದ ಡೋಸ್‌ಗಳಲ್ಲಿ ಹೆಚ್ಚಿನವನ್ನು ಆಮೇಲೂ ಕೊಡಬಹುದು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ.

ನಾಲ್ಕು, ಮಸೀದಿ ಕಮಿಟಿಗಳು ತಿಂಗಳಿಗೊಂದು ದಿನ ಮದರಸದ ಒಂದು ಕೋಣೆಯನ್ನು ಆರೋಗ್ಯ ಇಲಾಖೆಗೆ ಬಿಟ್ಟುಕೊಡಲಿ. ಬಿಪಿ, ಸಕ್ಕರೆ ತಪಾಸಣೆ ಅಲ್ಲೇ ನಡೆಯಲಿ. ಮೊಹಲ್ಲಾದ ಒಂಟಿ ವೃದ್ಧರ, ಹಾಸಿಗೆ ಹಿಡಿದವರ, ಫೋನಿಲ್ಲದ ಮನೆಗಳ ಪಟ್ಟಿಯೊಂದು ಕಮಿಟಿಯ ಬಳಿ ಸದಾ ಸಿದ್ಧವಿರಲಿ. ಝಕಾತ್ ವಿತರಣೆಗೆ ನಾವು ಪಟ್ಟಿ ಮಾಡುತ್ತೇವಲ್ಲ, ಅದೇ ಶಿಸ್ತಿನಿಂದ ಇದನ್ನೂ ಮಾಡಬಹುದು.

ಪ್ಲೇಗ್ ಇರುವ ಊರಿಗೆ ಹೋಗಬೇಡಿ, ಇರುವ ಊರಿನಿಂದ ಓಡಬೇಡಿ ಎಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ಹೆಮ್ಮೆಯಿಂದ ನೆನಪಿಸಿಕೊಂಡೆವು. ಅದರಲ್ಲಿ ಅಡಗಿರುವ ಹೊಣೆ ದೊಡ್ಡದು. ಊರು ಬಿಟ್ಟು ಹೋಗಬಾರದು ಎಂದಾದರೆ, ಊರೊಳಗೆ ಉಳಿದವರಿಗೆ ಮದ್ದು, ಅನ್ನ, ಆರೈಕೆ ಮುಟ್ಟಿಸುವವರು ಯಾರಾದರೂ ಇರಬೇಕು. ಮುಂದಿನ ರೋಗ ಯಾವಾಗ ಬರುತ್ತದೆ ಎಂಬುದು ಅಲ್ಲಾಹನಿಗೆ ಗೊತ್ತು. ಅದು ಬರುವ ಮೊದಲೇ ಬಾಗಿಲು ತಟ್ಟುವ ಕೈಯೂ ಬಾಗಿಲು ತೆರೆಯುವ ಕೈಯೂ ಪರಸ್ಪರ ಪರಿಚಯವಾಗಿರಲಿ. ಈ ತಿಂಗಳೇ ನಿಮ್ಮ ಜಮಾಅತಿನ ಸಭೆಯಲ್ಲಿ ಈ ವಿಷಯ ಎತ್ತಿ.